ತೆಗೆದಿಟ್ಟ ಉಣುಗೋಲು

"ಸದ್ಯಕ್ಕೆ ಎನಿ ಎನಿ ಹಾಕ್ಬಿಡು, ಸೋಮವಾರ ತೆಗೆಯೋಣ." ನೆಟ್‌ವರ್ಕ್ ಕೆಲಸದಲ್ಲಿ ಇಷ್ಟು ದುಬಾರಿ ಮಾತು ಇನ್ನೊಂದಿಲ್ಲ. ಆ ಸೋಮವಾರ ಬಂದದ್ದನ್ನು ನಾನಂತೂ ನೋಡಿಲ್ಲ.

ಹಿಂದಿನ ಕಂಪನಿಯೊಂದರಲ್ಲಿ ಒಂದು ಶುಕ್ರವಾರ ರಾತ್ರಿ ಅಪ್ಲಿಕೇಶನ್ನು ಡೇಟಾಬೇಸಿಗೆ ತಲುಪುತ್ತಿರಲಿಲ್ಲ. ಕಾಲ್‌ನಲ್ಲಿ ಇಪ್ಪತ್ತು ಜನ. ಬೇಕಿದ್ದದ್ದು ಒಂದೇ ಸಾಲು: ಈ ಸರ್ವರಿನಿಂದ ಆ ಸರ್ವರಿಗೆ, ಟಿಸಿಪಿ 3306. ಆದರೆ 'ಈ ಸರ್ವರ್' ಯಾವುದು ಅಂತ ಹೇಳೋರೇ ಇಲ್ಲ. ಮ್ಯಾನೇಜರ್ ಮೇಲಿನ ಮಾತು ಹೇಳಿದರು. ನಾನು ಆಕ್ಸೆಸ್ ಲಿಸ್ಟಿನ ನೆತ್ತಿಯ ಮೇಲೆ 'ಪರ್ಮಿಟ್ ಐಪಿ ಎನಿ ಎನಿ' ಕೂರಿಸಿದೆ. ಎಲ್ಲ ಹಸಿರಾಯ್ತು. ಮೆಚ್ಚುಗೆಯ ಮೇಲ್ ಕೂಡ ಬಂತು ಅನ್ನಿ.

ರೌಟರ್ ನಮ್ಮ ಮನಸ್ಸು ಓದಲ್ಲ. ಲಿಸ್ಟನ್ನು ಮೇಲಿಂದ ಕೆಳಗೆ ಓದುತ್ತೆ, ಮೊದಲು ಹೊಂದಿದ ಸಾಲಿಗೇ ನಿಂತುಬಿಡುತ್ತೆ. ಕೊನೆಗೆ ಕಣ್ಣಿಗೆ ಕಾಣದ ಒಂದು 'ಡಿನೈ' ಇರುತ್ತಲ್ಲ, ಅಲ್ಲಿಯವರೆಗೆ ಇನ್ನು ಯಾವ ಪ್ಯಾಕೆಟ್ಟೂ ಹೋಗಲ್ಲ. ಹನ್ನೊಂದು ತಿಂಗಳಾದ ಮೇಲೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೌಂಟರ್‌ಗಳನ್ನು ನೋಡಿದ. ಎರಡು ದಿನ ಬಿಟ್ಟು ಮತ್ತೆ ನೋಡಿದ. ನನ್ನ ಸಾಲಿನ ಲೆಕ್ಕ ಏರುತ್ತಲೇ ಇತ್ತು, ಕೆಳಗಿದ್ದ ಇನ್ನೂರು ಚಿಲ್ಲರೆ ಸಾಲುಗಳಲ್ಲಿ ಒಂದಂಕಿಯೂ ಅಲುಗಿರಲಿಲ್ಲ. ಅಷ್ಟೂ ಸಾಲು ಆಡಿಟ್‌ನಲ್ಲಿ ಪಾಸಾಗಿದ್ದವು!

ಅದನ್ನು ತೆಗೆಯೋಕೆ ಅವನು ಟಿಕೆಟ್ ಹಾಕಿದ. ರಿಜೆಕ್ಟ್. "ಓಡ್ತಿರೋದನ್ನ ಯಾಕಪ್ಪಾ ಮುಟ್ತೀಯ?" ನಮ್ಮೂರಲ್ಲಿ ತೋಟದ ಉಣುಗೋಲು ತೆಗೆದಿಟ್ಟು ಹೋದವನಿಗೆ ದನ ನುಗ್ಗೋ ಮೊದಲೇ ಬೈಗುಳ ಬೀಳುತ್ತೆ. ಇಲ್ಲಿ ತೆಗೆದಿಟ್ಟ ನನಗೆ ಮೆಚ್ಚುಗೆ, ಮತ್ತೆ ಹಾಕಲು ಹೋದವನಿಗೆ ಬೈಗುಳ.

ದನ ಎಲ್ಲಿ ನುಗ್ಗುತ್ತೆ ಅಂತೀರಾ? 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು 445ನೇ ಪೋರ್ಟಿನ ಮೂಲಕ. ಮೈಕ್ರೋಸಾಫ್ಟಿನ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಪ್ಯಾಚ್ ಹಾಕದ ಮಷೀನು ಎಲ್ಲ ಆಫೀಸಿನಲ್ಲೂ ಒಂದೆರಡು ಇದ್ದೇ ಇರುತ್ತೆ. ಅಲ್ಲಿಂದ ಪಕ್ಕದ ವಿಭಾಗಕ್ಕೆ ಹುಳ ದಾಟದಂತೆ ತಡೆಯಬೇಕಾದದ್ದೇ ಈ ಲಿಸ್ಟು. ಎನಿ ಎನಿ ಹಾಕಿದರೆ ಅದಕ್ಕೂ ರಾಜಮಾರ್ಗ.

"ರಾತ್ರಿ ಪ್ರೊಡಕ್ಷನ್ ಬಿದ್ದಾಗ ಶಿಸ್ತಿನ ಪಾಠ ಬೇಡ" ಅಂತಾರೆ. ಒಪ್ಪಿದೆ, ತೆರೀರಿ. ಆದರೆ ಸಿಸ್ಕೋ ರೌಟರಿನಲ್ಲಿ ಟೈಮ್-ರೇಂಜ್ ಅಂತ ಒಂದಿದೆ. ಕೊನೆಯ ದಿನಾಂಕ ಕೊಟ್ಟರೆ ಆಮೇಲೆ ಆ ಸಾಲು ತಾನಾಗೇ ಕೆಲಸ ನಿಲ್ಲಿಸುತ್ತೆ. ಎರಡು ಸಾಲು ಜಾಸ್ತಿ ಟೈಪ್ ಮಾಡಬೇಕು, ಅಷ್ಟೇ. ಜೊತೆಗೆ ರಿಮಾರ್ಕ್‌ನಲ್ಲಿ ತೆರೆಯಲು ಹೇಳಿದವರ ಹೆಸರು ಬರೀರಿ, ಟೈಪ್ ಮಾಡಿದವನದ್ದಲ್ಲ. ಆಗ ನೋಡಿ, ಎಷ್ಟು ಜನ ಎನಿ ಎನಿ ಕೇಳ್ತಾರೆ ಅಂತ.

ನಾನು ಕೆಲಸ ಬಿಟ್ಟ ದಿನವೂ ಆ ಸಾಲು ಅಲ್ಲೇ ಇತ್ತು. ಅದರ ಮೇಲಿನ ರಿಮಾರ್ಕ್ ನಾನೇ ಬರೆದದ್ದು: 'ಟೆಂಪ್'.