ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಸಾಲು

ಮನೆತನದ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತ ಬಂದಂತೆ, ಅವರು ಬಾಯಿಪಾಠವಾಗಿ ಬಲ್ಲ ಬಂಧುತ್ವದ ಲೆಕ್ಕವೂ ಅವರೊಡನೆಯೇ ಅಳಿದುಹೋಗುವುದು. ಇದನ್ನರಿತ ಅನೇಕ ಗೃಹಸ್ಥರು ತಮ್ಮ ತಮ್ಮ ವಂಶಾವಳಿಯನ್ನು ಬರೆದಿಡುವ ಕಾರ್ಯಕ್ಕೆ ಕೈಹಾಕಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ದೊಡ್ಡ ಕೊರತೆಯನ್ನು ಕುರಿತು ಈ ತಿಂಗಳು ವಾಚಕರಲ್ಲಿ ನಾಲ್ಕು ಮಾತುಗಳನ್ನು ಅರಿಕೆಮಾಡಬೇಕೆಂದಿರುವೆವು.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರಿನ ಒಂದು ಒಕ್ಕಲು ಮನೆತನವನ್ನು ನಿದರ್ಶನಕ್ಕೆಂದು ಕಲ್ಪಿಸಿಕೊಳ್ಳೋಣ. ಮೂಲಪುರುಷನಿಗೆ ಮೂವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು. ಪಟ್ಟಿಯಲ್ಲಿ ಗಂಡುಮಕ್ಕಳ ಸಾಲು ಮೊಮ್ಮಕ್ಕಳು ಮರಿಮಕ್ಕಳವರೆಗೆ ಹಬ್ಬಿರುತ್ತದೆ. ಹೆಣ್ಣುಮಕ್ಕಳ ಹೆಸರಿನ ಎದುರಿಗೆ ಮಾತ್ರ 'ಗುಬ್ಬಿಗೆ ಕೊಟ್ಟಿದೆ', 'ಕುಣಿಗಲ್ಲಿಗೆ ಕೊಟ್ಟಿದೆ' ಎಂದಷ್ಟೇ ಬರೆದು ಗೆರೆಯೆಳೆದಿರುತ್ತದೆ. ಮನೆಗೆ ಬಂದ ಸೊಸೆಯರ ಹೆಸರಿದ್ದರೂ ಅವರ ತಂದೆತಾಯಿಗಳಾರು, ತೌರೂರು ಯಾವುದು ಎಂಬುದಿರುವುದಿಲ್ಲ. ಏಳು ಮಕ್ಕಳಲ್ಲಿ ನಾಲ್ವರ ಸಂತತಿಯನ್ನೇ ಬಿಟ್ಟ ಪಟ್ಟಿಯನ್ನು ಆ ಮೂಲಪುರುಷನ ವಂಶಾವಳಿಯೆಂದು ಕರೆಯುವುದು ಹೇಗೆ?

ನಮ್ಮ ನಾಡಿಗೆ ವಂಶಾವಳಿಯ ವಿದ್ಯೆ ಹೊಸದಲ್ಲ. ಅರಸರ ವಂಶಗಳು ಶಿಲಾಶಾಸನಗಳಲ್ಲಿಯೂ ತಾಮ್ರಪಟಗಳಲ್ಲಿಯೂ ಉಳಿದುಬಂದಿವೆ. ಒಕ್ಕಲುಮಕ್ಕಳ ವಂಶಗಳನ್ನು ಕಾಪಾಡಿದವರು ಹೆಳವರು. ಎತ್ತನ್ನೇರಿಯೋ ಗಾಡಿ ಕಟ್ಟಿಕೊಂಡೋ ಊರಿಂದೂರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಪೂರ್ವಿಕರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಗೆಗೆ ಸೇರಿಸಿಕೊಂಡು, ಧಾನ್ಯವನ್ನೋ ಹಣವನ್ನೋ ಪಡೆದು ಮುಂದೆ ಹೋಗುವುದು ಅವರ ಕುಲವೃತ್ತಿ. ಇಂಥ ವಂಶಾವಳಿಗಳು ಹೆಚ್ಚಾಗಿ ತಂದೆಯ ಸಾಲನ್ನು ಹಿಡಿದು ನಡೆಯತಕ್ಕವು. ಆದರೂ ತಾಯಿಯ ಕಡೆಯನ್ನು ಮರೆಯತಕ್ಕದ್ದೆಂದು ನಮ್ಮ ಆಚಾರವು ಹೇಳಿಲ್ಲ. ಶ್ರಾದ್ಧಾದಿಗಳನ್ನು ಮಾಡುವ ಮನೆಗಳಲ್ಲಿ ಮಹಾಲಯದ ತರ್ಪಣದ ಹೊತ್ತಿಗೆ ತಾಯಿಯ ತಂದೆಗೂ ಆತನ ಹಿರಿಯರಿಗೂ ನೀರು ಬಿಡುವುದುಂಟು. ನೀರು ಬಿಡುವಾಗ ನೆನೆಯುವ ಹೆಸರನ್ನು ಬರೆಯುವಾಗ ಬಿಡುವುದು ನ್ಯಾಯವೆ?

ಈ ವಿಷಯದಲ್ಲಿ ದೂರದ ಕೆನಡಾ ದೇಶದ ಫ್ರೆಂಚ್ ಜನರಿಂದ ನಾವು ಕಲಿಯತಕ್ಕದ್ದುಂಟು. ಫ್ರಾನ್ಸಿನಿಂದ 17ನೆಯ ಶತಮಾನದಲ್ಲಿ ಹೋಗಿ ಕ್ವೆಬೆಕ್ ಪ್ರಾಂತದಲ್ಲಿ ನೆಲೆಸಿದ ಒಬ್ಬನೇ ಮೂಲಪುರುಷನ ಸಂತತಿಯವರೆಲ್ಲರನ್ನೂ ಒಂದು ಪುಸ್ತಕದಲ್ಲಿ ಸೇರಿಸಿ ಅಚ್ಚುಹಾಕಿಸುವುದು ಅಲ್ಲಿನ ಮನೆತನಗಳಲ್ಲಿ ರೂಢಿಯಾಗಿದೆ. ಸಿಪ್ರಿಯಾನ್ ತಾಂಗೇ ಎಂಬ ಪಾದ್ರಿಯು ಆ ಫ್ರೆಂಚ್ ಮನೆತನಗಳ ವಂಶಕೋಶವನ್ನು 1871ರಿಂದ 1890ರವರೆಗೆ 7 ಸಂಪುಟಗಳಲ್ಲಿ ಪ್ರಕಟಿಸಿದನು. ಇಂಥ ಕಾರ್ಯ ಸಾಧ್ಯವಾದುದು ಅಲ್ಲಿನ ಚರ್ಚುಗಳು ಜನನ, ಮದುವೆ, ಮರಣಗಳನ್ನು ತಪ್ಪದೆ ಬರೆದಿಟ್ಟ ಪುಸ್ತಕಗಳಿಂದ. ಮದುವೆಯ ದಾಖಲೆಯಲ್ಲಿ ವಧುವಿನ ತೌರಿನ ಹೆಸರನ್ನೂ ಅವಳ ತಂದೆತಾಯಿಗಳ ಹೆಸರನ್ನೂ ಬರೆಯುತ್ತಿದ್ದರು. 1663ರಿಂದ 1673ರವರೆಗೆ ಅರಸನ ವೆಚ್ಚದಲ್ಲಿ ಅಲ್ಲಿಗೆ ಹೋಗಿ ಮದುವೆಯಾಗಿ ನೆಲೆಸಿದ ಸುಮಾರು 800 ಮಂದಿ ಕನ್ಯೆಯರನ್ನು ಇಂದಿಗೂ ಲಕ್ಷಾಂತರ ಜನರು ತಮ್ಮ ಮೂಲಮಾತೆಯರೆಂದು ಹೆಸರು ಹಿಡಿದು ಹೇಳಬಲ್ಲರು. ಸೊಸೆಯ ತೌರನ್ನು ಬರೆದಿಟ್ಟುದರ ಫಲವಿದು.

ಹೆಣ್ಣುಮಕ್ಕಳನ್ನು ಪಟ್ಟಿಯಿಂದ ಬಿಡುವುದಕ್ಕೆ ಮರೆವೊಂದೇ ಕಾರಣವಲ್ಲ. ಹೆಸರು ಬರೆದರೆ ಜಮೀನಿನಲ್ಲಿ ಭಾಗ ಕೇಳಿಯಾರೆಂಬ ಅಂಜಿಕೆಯೂ ಕೆಲವರಿಗುಂಟು. ಇದು ಹುರುಳಿಲ್ಲದ ಅಂಜಿಕೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾನೂನು ಮಾಡಿ, ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಭಾಗವನ್ನು ವಿಧಿಸಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕನ್ನು ಕೊಟ್ಟಿದೆ. ಆ ದಿನ ತಂದೆ ಬದುಕಿರದಿದ್ದರೂ ಈ ಹಕ್ಕು ಸಲ್ಲುವುದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗಗಳಿಗೆ ಮಾತ್ರ ಇದು ತಗಲದು. ಹೀಗಿರಲು, ಬರೆದುದರಿಂದ ಹುಟ್ಟುವ ಹಕ್ಕೂ ಇಲ್ಲ, ಬಿಟ್ಟುದರಿಂದ ಅಳಿಯುವ ಹಕ್ಕೂ ಇಲ್ಲ. ಖಾತೆದಾರರು ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಕಂದಾಯದವರಿಗೆ ಒಪ್ಪಿಸುವ ವಂಶವೃಕ್ಷದಲ್ಲಿ ಒಬ್ಬ ಮಗಳ ಹೆಸರು ಬಿಟ್ಟುಹೋದರೆ, ಅಣ್ಣತಂಗಿಯರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಮನೆಯಲ್ಲಿ ಬರೆದ ಪಟ್ಟಿಯು ಸರ್ಕಾರದ ಪ್ರಮಾಣಪತ್ರವಲ್ಲದಿದ್ದರೂ, ಎಲ್ಲರೂ ಕೂಡಿ ಒಪ್ಪಿ ಬರೆದುದಾದರೆ ಇಂಥ ವ್ಯಾಜ್ಯಗಳ ಬೇರನ್ನೇ ಕೀಳಬಲ್ಲುದು.

ಇನ್ನು ಬರೆಯುವ ಕ್ರಮವನ್ನು ಹೇಳುವೆವು. ಮನೆತನದ ಅತ್ಯಂತ ಹಿರಿಯ ಹೆಂಗಸರನ್ನು ಮೊದಲು ವಿಚಾರಿಸಿರಿ. ಯಾರನ್ನು ಯಾವ ಊರಿಗೆ ಕೊಟ್ಟಿತು, ಯಾರ ಬಾಣಂತನ ಎಲ್ಲಾಯಿತು ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅನಂತರ ಹಳೆಯ ಲಗ್ನಪತ್ರಿಕೆ, ಜಾತಕ, ಪಹಣಿಗಳನ್ನು ನೋಡಿರಿ. ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಜನ್ಮನಾಮ, ಕರೆಯುವ ಹೆಸರು, ಮದುವೆಯಲ್ಲಿ ಹೆಸರು ಬದಲಿಸಿದ್ದರೆ ಆ ಹೆಸರು, ಈ ಮೂರನ್ನೂ ಬರೆಯತಕ್ಕದ್ದು. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ನಮ್ಮಲ್ಲಿರುವುದರಿಂದ ಒಬ್ಬಳೇ ಹೆಂಗಸು ಮನೆಯ ಮೊಮ್ಮಗಳೂ ಸೊಸೆಯೂ ಆಗಿರಬಹುದು; ಅವಳು ಎರಡು ಕಡೆ ಬಂದರೂ ಸಂಖ್ಯೆ ಒಂದೇ ಇರಲಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಕೆಲವು ಆನುವಂಶಿಕ ರೋಗಗಳು ತಲೆದೋರುವ ಸಂಭವ ಹೆಚ್ಚಾದುದರಿಂದ, ಈ ಎರಡು ಸಾಲಿನ ಸಂಬಂಧವನ್ನು ಅರಿಯುವುದು ವೈದ್ಯರಿಗೂ ಸಹಾಯಕವಾಗುವುದು.

ಸಂವತ್ಸರದ ಹೆಸರನ್ನು ಮಾತ್ರ ನಂಬಿಕೊಂಡು ಕೂರಬಾರದು. 'ಪ್ರಭವ ಸಂವತ್ಸರ' ಎಂದರೆ 1927–28 ಆಗಬಹುದು, 1987–88 ಆಗಬಹುದು. ಜೊತೆಯಲ್ಲಿ ಇಸವಿಯನ್ನೋ ಶಕವರ್ಷವನ್ನೋ ಬರೆಯದಿದ್ದರೆ ಅಜ್ಜಿಯ ವಯಸ್ಸು ಮೊಮ್ಮಗಳಿಗೆ ಬಂದೀತು. ಹೊರದೇಶಕ್ಕೆ ಹೋದವರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಮನೆತನದ ಹೆಸರು ಬೇಕೆಂದು ಕೇಳಿದಾಗ, ಅಣ್ಣನು ಹೆಬ್ಬೂರು ಎಂಬ ಊರ ಹೆಸರನ್ನೂ ತಮ್ಮನು ತಂದೆಯ ಹೆಸರನ್ನೂ ಇಟ್ಟುಕೊಂಡರೆ, ಅವರ ಮಕ್ಕಳು ಬೇರೆ ಬೇರೆ ಮನೆತನದವರಂತೆ ತೋರುವರು. ಈ ಬದಲಾವಣೆಗಳನ್ನೂ ಗುರುತುಮಾಡಿಡಬೇಕು. ದತ್ತುಹೋದವರನ್ನು ಹುಟ್ಟಿದ ಮನೆಯಲ್ಲಿಯೂ ಹೊಕ್ಕ ಮನೆಯಲ್ಲಿಯೂ ತೋರಿಸಬೇಕು. ಬದುಕಿರುವವರ ಜನ್ಮದಿನ, ವಿಳಾಸ ಮೊದಲಾದುವನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚುಹಾಕಿಸಬಾರದು.

ಕೊನೆಯದಾಗಿ, ಪ್ರತಿಗಳ ಮಾತು. ಕ್ವೆಬೆಕ್ಕಿನಲ್ಲಿ ಚರ್ಚಿನ ದಾಖಲೆಗೆ ಎರಡು ಪ್ರತಿಗಳಿರುತ್ತಿದ್ದುವು. ಒಂದು ಚರ್ಚಿನಲ್ಲಿ ಉಳಿಯುತ್ತಿತ್ತು, ಮತ್ತೊಂದು ನ್ಯಾಯಸ್ಥಾನಕ್ಕೆ ಹೋಗುತ್ತಿತ್ತು. ಒಂದು ಬೆಂಕಿಗೆ ತುತ್ತಾದರೂ ಇನ್ನೊಂದು ಉಳಿಯಲೆಂದು ಈ ಏರ್ಪಾಡು. ನಮ್ಮ ಗೃಹಸ್ಥರೂ ಹೀಗೆಯೇ ಮಾಡಲಿ. ಒಂದು ಪ್ರತಿ ಮೂಲಮನೆಯಲ್ಲಿರಲಿ. ಮತ್ತೊಂದನ್ನು ಕೊಟ್ಟ ಮನೆಯಲ್ಲಿರುವ ಹಿರಿಯ ಮಗಳ ವಶಕ್ಕೆ ಒಪ್ಪಿಸಲಿ. ತನ್ನ ಹೆಸರೂ ತನ್ನ ಮಕ್ಕಳ ಹೆಸರೂ ಇರುವ ಪುಸ್ತಕವನ್ನು ಅವಳು ಜೋಪಾನವಾಗಿ ಕಾಪಾಡುವಳೆಂಬುದರಲ್ಲಿ ನಮಗೆ ಸಂದೇಹವಿಲ್ಲ.