ಮೂವತ್ತಕ್ಕೆ ಮೂವತ್ತು, ಬ್ಯುರೆಟ್ ಮುಟ್ಟದೆ!

ಡಿಸೆಂಬರ್ ಕೊನೆಯ ಒಂದು ರಾತ್ರಿ. ಹನ್ನೊಂದು ಹೊಡೆದಿತ್ತು. ಮಗಳು ಹನ್ನೆರಡನೇ ಕ್ಲಾಸಿನ ಕೆಮಿಸ್ಟ್ರಿ ಜರ್ನಲ್ ಬರೀತಾ ಕೂತಿದ್ದಳು. ಒಂದೇ ರಾತ್ರಿಗೆ ಎಂಟು ಪ್ರಾಕ್ಟಿಕಲ್!

"ಇಷ್ಟೆಲ್ಲಾ ಯಾವಾಗ ಮಾಡಿದ್ರವಾ?" ಅಂತ ಕೇಳಿದೆ.

"ಮಾಡೋದೇನದ ಅಪ್ಪಾ, ರೀಡಿಂಗ್ ಎಲ್ಲಾ ವಾಟ್ಸಾಪ್‌ನ್ಯಾಗ ಬಂದಾವ."

ಬಗ್ಗಿ ನೋಡಿದೆ. ಪರ್ಮಾಂಗನೇಟ್ ಟೈಟ್ರೇಶನ್. 10.2, 10.2, 10.2. ಇಡೀ ಕ್ಲಾಸಿಗೇ 10.2 ಅಂತೆ. ನಾನು ಡೊಂಬಿವಲಿಯ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಯ ಕ್ಯೂಸಿ ಲ್ಯಾಬಿನಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿ ಹೊಟ್ಟೆ ಹೊರೀತಿದ್ದೀನಿ ಸ್ವಾಮಿ. ಇಷ್ಟು ಜನರ ಕೈಯಲ್ಲಿ ಒಂದೇ ರೀಡಿಂಗ್ ಬಂದದ್ದನ್ನ ನಾನಂತೂ ನೋಡಿಲ್ಲ.

ಮುಂಬಯಿ ಕಡೆ ಇರೋರಿಗೆ ಈ ವ್ಯವಸ್ಥೆ ಗೊತ್ತೇ ಇದೆ. ಊರಲ್ಲಿರೋರಿಗೆ ಸ್ವಲ್ಪ ಹೇಳ್ತೀನಿ. 'ಇಂಟಿಗ್ರೇಟೆಡ್' ಅಂತಾರೆ. ಹೆಸರು ಜೂನಿಯರ್ ಕಾಲೇಜಿನದ್ದು, ಪಾಠ ಟ್ಯೂಷನ್ ಕ್ಲಾಸಿನವರದ್ದು, ಫೀ ಇಬ್ಬರಿಗೂ. ಲಕ್ಷಗಟ್ಟಲೆ. ಕಾಲೇಜಿನ ಲ್ಯಾಬ್ ಬಾಗಿಲು ತೆರೆಯೋದು ಬೋರ್ಡ್ ಪ್ರಾಕ್ಟಿಕಲ್ ಹತ್ತಿರ ಬಂದಾಗ, ಅದೂ ಧೂಳು ಹೊಡೆಯೋದಕ್ಕೆ. ಪರೀಕ್ಷೆ ದಿನ ಯಾವ ಬಾಟಲಿಯಲ್ಲಿ ಯಾವ ಸಾಲ್ಟ್ ಇದೆ ಅಂತ ಪ್ಯೂನ್ ಕಿವಿಯಲ್ಲಿ ಹೇಳಿ ಹೋಗ್ತಾನಂತೆ. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಆ ಮೂವತ್ತಕ್ಕೆ ಮೂವತ್ತು ಬಿದ್ದೇ ಬೀಳುತ್ತೆ. ನನಗೆ ಇದು ಕಳ್ಳತನ ಅನ್ನಿಸುತ್ತೆ. ಮಾಡದ ಕೆಲಸಕ್ಕೆ ರುಜು ಹಾಕಿ ಕೂಲಿ ತಗೊಂಡ ಹಾಗೆ.

ಹಾಗಂತ ಟ್ಯೂಷನ್ ಮೇಷ್ಟ್ರನ್ನ ಬೈಯೋಕೆ ಹೊರಟಿಲ್ಲ. ಎಸ್‌ಎನ್1, ಎಸ್‌ಎನ್2 ರಿಯಾಕ್ಷನ್ನುಗಳನ್ನ ಅವರು ಹೇಳಿಕೊಡೋ ಹಾಗೆ ನನಗೆ ಧಾರವಾಡದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ನಿಜ. ಆದರೆ ಅವರ ಗುರಿ ಬೇರೆ. ಇಲ್ಲಿನ ಸಿಇಟಿಯಲ್ಲಿ ಫಿಸಿಕ್ಸು ಕೆಮಿಸ್ಟ್ರಿ ಸೇರಿ 90 ನಿಮಿಷಕ್ಕೆ 100 ಪ್ರಶ್ನೆ. ಒಂದಕ್ಕೆ 54 ಸೆಕೆಂಡು. ಅಷ್ಟರಲ್ಲಿ ಕೈ ಗುಂಡಿ ಒತ್ತಬೇಕು, ಬ್ಯುರೆಟ್ ಹಿಡಿಯೋಕೆ ಯಾವ ಕೈ ಇದೆ?

ಆ ಪರ್ಮಾಂಗನೇಟ್ ಕಥೆಯನ್ನೇ ತಗೊಳ್ಳಿ. ಆಕ್ಸಾಲಿಕ್ ಆಸಿಡ್‌ಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ, 60-70 ಡಿಗ್ರಿಗೆ ಬಿಸಿ ಮಾಡಿ, ಮೇಲಿನಿಂದ ನೇರಳೆ ಹನಿ ಬಿಡಬೇಕು. ಮೊದಲ ಒಂದೆರಡು ಹನಿ ಹಾಗೇ ಮೊಂಡು ಹಿಡಿದು ನಿಲ್ಲುತ್ತೆ. ಬಣ್ಣ ಹೋಗೋದೇ ಇಲ್ಲ. ಏನೋ ತಪ್ಪಾಯ್ತು ಅಂತ ಹುಡುಗರು ಗಾಬರಿ ಆಗ್ತಾರೆ, ನಾನೂ ಆಗಿದ್ದೆ. ಆಮೇಲೆ ನೋಡಿ, ಹನಿ ಬಿದ್ದದ್ದೇ ತಡ ಮಾಯ! ರಿಯಾಕ್ಷನ್‌ನಲ್ಲಿ ಹುಟ್ಟಿದ ಮ್ಯಾಂಗನೀಸೇ ಮುಂದಿನ ರಿಯಾಕ್ಷನ್ನನ್ನ ಓಡಿಸುತ್ತೆ. ಇದಕ್ಕೆ ಆಟೋಕ್ಯಾಟಲಿಸಿಸ್ ಅನ್ನೋ ಒಂದು ಪದ ಇದೆ, ಮಗಳಿಗೆ ಅದು ಬಾಯಿಪಾಠ. ಕೇಳಿದ ತಕ್ಷಣ ಹೇಳಿದಳು. "ಮೊದಲ ಹನಿ ಎಷ್ಟೊತ್ತು ನಿಂತಿರ್ತದವಾ?" ಅಂದೆ. ಮುಖ ನೋಡಿದಳು. ಅವಳ ತಪ್ಪೇನೂ ಅಲ್ಲ, ಪಾಪ.

ನಮ್ಮ ಲ್ಯಾಬಿಗೆ ಇಂಟರ್‌ವ್ಯೂಗೆ ಬರೋ ಬಿಎಸ್ಸಿ ಹುಡುಗರಿಗೆ ನಾನು ಒಂದೇ ಪ್ರಶ್ನೆ ಕೇಳ್ತೀನಿ. ಬ್ಯುರೆಟ್‌ನಲ್ಲಿ ಪರ್ಮಾಂಗನೇಟ್ ಇದ್ದಾಗ ಮೆನಿಸ್ಕಸ್‌ನ ಯಾವ ಅಂಚು ಓದ್ತೀಯಪ್ಪಾ? ಬಹಳ ಜನ ಹೇಳೋದು 'ಕೆಳಗಿನದು'. ಪುಸ್ತಕದಲ್ಲಿ ಹಾಗೇ ಇರುತ್ತಲ್ಲ. ಆ ಕಡು ನೇರಳೆ ದ್ರಾವಣದಲ್ಲಿ ಕೆಳಗಿನ ಅಂಚು ಕಾಣಿಸೋದೇ ಇಲ್ರೀ, ಮೇಲಿನದನ್ನೇ ಓದಬೇಕು. ಒಂದು ಸಲ ಕೈಯಲ್ಲಿ ಹಿಡಿದವನು ಜನ್ಮದಲ್ಲಿ ಮರೆಯೋದಿಲ್ಲ.

ಇದರಿಂದೇನು ಮಹಾ ಅಂತೀರಾ? ನಾವಿರೋ ಊರು ಯಾವುದು ನೋಡಿ. ಡೊಂಬಿವಲಿಯಲ್ಲಿ 2014ರಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ರಸ್ತೆ ಗುಲಾಬಿ ಆಯ್ತು. 2016ರ ಮೇನಲ್ಲಿ ಒಂದು ಕಾರ್ಖಾನೆ ಸಿಡಿಯಿತು, 2024ರ ಮೇನಲ್ಲಿ ಮತ್ತೊಂದು. ಎರಡರಲ್ಲೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಮಗಳ ಪುಸ್ತಕದ ಕೊನೆಯ ಪಾಠ 'ಹಸಿರು ರಸಾಯನಶಾಸ್ತ್ರ'! ಆ ಪಾಠಕ್ಕೆ ಇಷ್ಟು ಹತ್ತಿರ ಬದುಕೋ ಮಕ್ಕಳು ದೇಶದಲ್ಲಿ ಎಷ್ಟು ಜನ ಇದ್ದಾರೋ. ನಾಳೆ ಆ ರಿಯಾಕ್ಟರುಗಳ ಪಕ್ಕ ನಿಲ್ಲೋರು ಇವರಲ್ಲೇ ಕೆಲವರು. 'ಬಿಸಿ ಎಷ್ಟಾಯ್ತು' ಅಂದರೆ ವಾಟ್ಸಾಪ್ ನೋಡಿ ಹೇಳ್ತಾರಾ?

ಈ ಮಾತನ್ನ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಎತ್ತಿದೆ. ಹಿರಿಯರೊಬ್ಬರು ಬೆನ್ನು ತಟ್ಟಿ, "ಅಲ್ಲೋ ತಮ್ಮಾ, ಲ್ಯಾಬ್ ಕಟ್ಕೊಂಡು ಏನ್ ಮಾಡ್ತಿ? ಸೀಟು ಬರ್ಲಿ ಮೊದ್ಲ" ಅಂದರು. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಸೀಟು ಬೇಡ ಅಂತ ನಾನೆಲ್ಲಿ ಹೇಳಿದೆ? ಊರು ಬಿಟ್ಟು ಬಂದವರು ನಾವು. ಇಲ್ಲಿ ಹೊಲ ಇಲ್ಲ, ಮನೆತನದ ಅಂಗಡಿ ಇಲ್ಲ, ಮಕ್ಕಳ ಓದೇ ಆಸ್ತಿ. ಆ ಭಯ ನನಗೂ ಇದೆ, ಅದಕ್ಕೇ ನಾನೂ ಬಾಯಿ ಮುಚ್ಕೊಂಡು ಫೀ ಕಟ್ಟಿದೆ. ಅಡ್ಮಿಷನ್ ದಿನ ನಾನು ಕೇಳಿದ್ದೇನು ಗೊತ್ತಾ? ಎಸಿ ಇದೆಯಾ, ಬಸ್ ಇದೆಯಾ, ಕಳೆದ ವರ್ಷ ಎಷ್ಟು ಸೀಟು ಬಂತು. ಲ್ಯಾಬಿನವನಾಗಿ ಲ್ಯಾಬ್ ಎಲ್ಲಿದೆ ಅಂತ ಕೇಳಲಿಲ್ಲ! ಕೊಳ್ಳೋರು ನಾವೇ ಕೇಳದಿದ್ದರೆ ಮಾರೋರು ಯಾಕೆ ಇಡ್ತಾರೆ ಹೇಳಿ. ವಾರಕ್ಕೆ ಎರಡು ಗಂಟೆ ಲ್ಯಾಬಿಗೆ ಕೊಟ್ಟರೆ ಸೀಟು ತಪ್ಪುತ್ತೆ ಅನ್ನೋದನ್ನ ನಾನಂತೂ ಒಪ್ಪೋದಿಲ್ಲ.

ಜನವರಿಯಲ್ಲಿ ಇನ್ನಿಬ್ಬರು ಅಪ್ಪಂದಿರನ್ನ ಎಳಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದೆ. ಜಗಳಕ್ಕೆ ತಯಾರಾಗೇ ಹೋಗಿದ್ದೆ. ಅವರು ಅಂದದ್ದು, "ಇದುವರೆಗೂ ಯಾರೂ ಕೇಳಿರಲಿಲ್ಲ." ಎರಡು ಶನಿವಾರ ಲ್ಯಾಬ್ ತೆರೆಸಿದರು. ಇಡೀ ಕ್ಲಾಸಿನಿಂದ ಬಂದವರು ಒಂಬತ್ತು ಮಕ್ಕಳು. ಉಳಿದವರಿಗೆ ಟೆಸ್ಟ್ ಸೀರೀಸ್ ಇತ್ತಂತೆ.

ಮಗಳು ಮನೆಗೆ ಬಂದಾಗ ಬೆರಳ ತುದಿ ಕಂದು ಬಣ್ಣ. ರೀಡಿಂಗ್ 10.9, 10.1, 10.3. ಮೊದಲನೆಯದು ಕೆಟ್ಟಿದ್ದು ಯಾಕೆ ಅಂತ ಅವಳೇ ಹೇಳಿದಳು, ಹನಿ ಬಿಡೋ ಬದಲು ಧಾರೆ ಬಿಟ್ಟಳಂತೆ. ಆಮೇಲೆ ಮೆಲ್ಲಗೆ, "ಜರ್ನಲ್‌ನ್ಯಾಗ 10.2 ಅಂತನ ಇಡ್ಲೇನಪಾ?" ಅಂದಳು.

ಬಂದದ್ದನ್ನೇ ಬರಿ ಅಂದೆ.

"ಮಾರ್ಕ್ಸ್ ಕಟ್ ಮಾಡ್ತಾರ."

ಮಾಡ್ಲಿ ಅಂದೆ. ಅವರಮ್ಮ ಆವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.