‘ಇಲ್ಲ’ ಎಂಬ ಷರಾ

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಸಭೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ತೀರ್ಮಾನಿಸಿತು. ಅರ್ಕಾವತಿ ಹುಟ್ಟುವುದು ಅದೇ ಬೆಟ್ಟದಲ್ಲಿ. ನದಿಯ ನೆತ್ತಿಯ ಮೇಲೆ ಕುಳಿತು ‘ಗ್ರಾಮಾಂತರ’ ಎಂಬ ಮಾತನ್ನೇ ಅಳಿಸಿದರು. ಇನ್ನು ಸೈಟಿನ ರೇಟು ಏರುತ್ತದೆಂದು ಖುಷಿಪಟ್ಟವರನ್ನು ನಾನೇ ಕಂಡಿದ್ದೇನೆ.

ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳಲ್ಲಿ ಬಿದ್ದ ಮಳೆಯ ಬಹುಪಾಲು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸೇರಬೇಕಾದದ್ದು. ನಂದಿಯಿಂದ ಅರ್ಕಾವತಿ, ಶಿವಗಂಗೆಯಿಂದ ಕುಮುದ್ವತಿ ಬಂದು ಕೂಡುವಲ್ಲಿ 1930ರ ದಶಕದಲ್ಲಿ ಕಟ್ಟಿದ ಈ ಜಲಾಶಯ ದಶಕಗಟ್ಟಲೆ ಬೆಂಗಳೂರಿಗೆ ನೀರು ಕುಡಿಸಿತು. ಅದನ್ನು ಉಳಿಸಲೆಂದು 2003ರ ನವೆಂಬರ್‌ನಲ್ಲಿ ಸರ್ಕಾರ ಇಡೀ ಜಲಾನಯನ ಪ್ರದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತ ಮತ್ತು ನದಿ ದಂಡೆಗಳಲ್ಲಿ ಕಟ್ಟಡಗಳಿಗೆ ಬಿಗಿ ನಿರ್ಬಂಧ ಹಾಕಿತು. 2019ರಲ್ಲಿ ಸರ್ಕಾರವೇ ಆ ಬಿಗಿಯನ್ನು ಸಡಿಲಿಸಿತು.

ಇಲ್ಲಿ ಹೊಸ ಬಡಾವಣೆಗೆ ಅನುಮತಿ ಕೊಡಲೇಬಾರದು ಎಂಬುದು ನನ್ನ ವಾದ. ‘ಷರತ್ತುಬದ್ಧ ಅನುಮೋದನೆ’ಯೂ ಬೇಡ. ಮಳೆನೀರು ಇಂಗಿಸಿ, ಕೊಳಚೆ ನೀರು ಶುದ್ಧೀಕರಿಸಿ, ಕಾಲುವೆಗೆ ಜಾಗ ಬಿಡಿ ಎಂದೆಲ್ಲ ಬರೆದ ಷರತ್ತುಗಳು ಕಡತದಲ್ಲಿ ಬೆಚ್ಚಗೆ ಮಲಗಿರುತ್ತವೆ. ಸೈಟು ಮಾರಿದವನು ಮುಂದಿನ ಹಳ್ಳಿಗೆ ಹೋಗಿರುತ್ತಾನೆ. ಪಹಣಿಯಲ್ಲಿ ಹಳ್ಳ, ಕಾಲುವೆಗಳನ್ನು ‘ಬಿ ಖರಾಬು’ ಎಂದು ಬರೆಯುತ್ತಾರೆ. ಕಂದಾಯ ತಾರದ್ದೆಲ್ಲ ಖರಾಬು! (ಈ ಪದಕೋಶದ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬೇಕು, ನನ್ನ ವಿಷಯ ಬೇರೆಯಾಗಿಹೋಯಿತು.) ನೀರು ಹರಿಯುವ ಜಾಗವನ್ನೇ ಕೆಟ್ಟದ್ದೆನ್ನುವ ಭಾಷೆಯಿಂದ ನೀರನ್ನು ಕಾಯುವ ಷರತ್ತು ಹುಟ್ಟೀತೆಂದು ನಾನು ನಂಬಲಾರೆ.

ಅರ್ಕಾವತಿಯನ್ನು ಬತ್ತಿಸಿದ್ದು ಬಡಾವಣೆಗಳಲ್ಲ, ಬೋರ್‌ವೆಲ್ಲು ಮತ್ತು ನೀಲಗಿರಿ ತೋಪುಗಳು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಏಟ್ರೀ ಸಂಸ್ಥೆಯ ಸಂಶೋಧಕರು ನದಿಯ ಸೊರಗಿಗೆ ಮುಖ್ಯ ಕಾರಣಗಳೆಂದು ಗುರುತಿಸಿದ್ದೂ ಇವನ್ನೇ. ಆದರೆ ನೀಲಗಿರಿಯನ್ನು ಬುಡಸಮೇತ ಕೀಳಬಹುದು. ಹೊಸದಾಗಿ ನೆಡುವುದನ್ನು 2017ರಲ್ಲಿ ನಿಷೇಧಿಸಿಯೂ ಆಯಿತು. ಟಾರು ರಸ್ತೆ ಎಳೆದು, ಚರಂಡಿ ಕಟ್ಟಿ, ನೂರಾರು ಜನರ ಹೆಸರಿಗೆ ನೋಂದಣಿಯಾದ ಹೊಲವನ್ನು ಮತ್ತೆ ಹೊಲ ಮಾಡಿದವರನ್ನು ನಾನು ಕಂಡಿಲ್ಲ.

ಜನಕ್ಕೆ ಮನೆ ಬೇಡವೇ? ಬೇಕು. ಹಳ್ಳಿಯವರು ಗ್ರಾಮಠಾಣದಲ್ಲಿ ಕಟ್ಟಿಕೊಳ್ಳುವ ಮನೆಗೆ ನನ್ನ ತಕರಾರಿಲ್ಲ. ನೆಲಮಂಗಲದ ಆಚೆ ಹತ್ತು ಬಡಾವಣೆ ಸುತ್ತಿ ಬನ್ನಿ, ಸೈಟುಗಲ್ಲುಗಳ ನಡುವೆ ಮನೆ ಎಷ್ಟಿವೆ, ಪಾರ್ಥೇನಿಯಂ ಎಷ್ಟಿದೆ ನೋಡಿ. ಎಷ್ಟೋ ಸೈಟುಗಳು ಇರುವುದು ವಾಸಕ್ಕಲ್ಲ, ಇನ್ನೊಮ್ಮೆ ಮಾರುವುದಕ್ಕೆ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ಬಿಟ್ಟ ಮೇಲಂತೂ ಬೇಲಿಯೇ ಇಲ್ಲ.

ಉಳಿದದ್ದು ರೈತನ ಪ್ರಶ್ನೆ. ಅದಕ್ಕೆ ಉತ್ತರಿಸದೆ ಹಸಿರಿನ ಮಾತಾಡುವವರ ಮೇಲೆ ನನಗೂ ಸಿಟ್ಟಿದೆ. ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿ, 2025ರ ಜುಲೈ 15ರಂದು 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅವರು ‘ಕೊಡೆವು’ ಎಂದರು, ಗೆದ್ದರು. ಮಗಳ ಮದುವೆಗೋ ಸಾಲ ತೀರಿಸಲೋ ಮಾರಹೊರಟವನಿಗೆ ‘ಬಡಾವಣೆಗೆ ಮಾರಬೇಡ’ ಎನ್ನುವುದು ಬೇರೆ ಮಾತು. ಬಡಾವಣೆಯವನು ಕೊಡುವ ದುಡ್ಡು ರಾಗಿಯಿಂದ ಬರುವುದಿಲ್ಲ. ಆದ್ದರಿಂದ ಅನುಮತಿ ನಿರಾಕರಿಸುವ ಆದೇಶದಲ್ಲೇ ಹಣದ ಮಾತೂ ಇರಬೇಕು: ಹೊಲವನ್ನು ಹೊಲವಾಗಿ ಉಳಿಸಿಕೊಂಡ ರೈತನಿಗೆ ಎಕರೆವಾರು ವರ್ಷಾಶನ, ಬೆಂಗಳೂರಿನ ನೀರಿನ ಬಿಲ್ಲಿನಿಂದ. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಲು ಕರೆಂಟಿನ ಬಿಲ್ಲು ಕಟ್ಟುವ ನಗರಕ್ಕೆ ಮಗ್ಗುಲಲ್ಲೇ ಮಳೆ ಹಿಡಿಯುವ ಹೊಲದ ಬಾಕಿ ತೀರಿಸುವುದು ಭಾರವೇನಲ್ಲ.